ಪ್ರಾಣಿಗಳಿತ್ತ ಕೈಗಡ

ಅಪರಿಚಿತ ರೋಗಾಣುವೊಂದು ದೇಹವನ್ನು ಹೊಕ್ಕಾಗ ಅದಕ್ಕೆ ತಕ್ಕ ಪ್ರತಿಕಾಯಗಳನ್ನು ನಮ್ಮ ದೇಹವು ತಾನೇ ನಿರ್ಮಿಸಿಕೊಳ್ಳಲು ಒಂದೆರಡು ವಾರಗಳಾದರೂ ಹಿಡಿಯುವುದು. ಬೆಳೆ ಮನೆಗೆ ಬರುವ ಮುನ್ನ ಕಣಜ ಬರಿದಾದ ರೈತನು ನೆರೆಮನೆಯಿಂದ ಕೈಗಡ ತರುವಂತೆ, ಆ ನಡುಗಾಲಕ್ಕೆ ಮತ್ತೊಂದು ಜೀವಿಯ ರಕ್ತದಲ್ಲಿ ಸಿದ್ಧವಾಗಿರುವ ಪ್ರತಿಕಾಯಗಳನ್ನು ಎರವಲು ತರಬಹುದೆಂಬ ತತ್ತ್ವವನ್ನು 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಾಸಾಟೊ ಅವರು ಪ್ರಯೋಗಪ್ರಾಣಿಗಳಲ್ಲಿ ತೋರಿಸಿಕೊಟ್ಟರು. ನಾಲ್ಕು ವರ್ಷಗಳ ತರುವಾಯ ಪ್ಯಾರಿಸ್ಸಿನಲ್ಲಿ ಎಮಿಲ್ ರೂ ಅವರು ಗಂಟಲುಮಾರಿಗೆ ತುತ್ತಾದ ಮಕ್ಕಳಿಗೆ ಕುದುರೆಯ ರಕ್ತರಸವನ್ನು ಚುಚ್ಚಿದಾಗ, ಆಸ್ಪತ್ರೆಯಲ್ಲಿ ಅವರ ಮರಣಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹಾವು ಕಚ್ಚಿದವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕೊಡುವ ಮದ್ದು ಇದೇ ಅಶ್ವಕುಲದ ದಾನ.

ಆದರೆ ಕುದುರೆಯ ಪ್ರೋಟೀನು ಮನುಷ್ಯದೇಹಕ್ಕೆ ಪರಕೀಯವೇ ಸರಿ. ಅದರಿಂದ ಜ್ವರ, ದದ್ದು, ಕೀಲುನೋವುಗಳು ತಲೆದೋರುವುದನ್ನು ಫಾನ್ ಪಿರ್ಕೆ ಮತ್ತು ಷಿಕ್ ಎಂಬ ವೈದ್ಯರು 1905ರಲ್ಲಿಯೇ ವಿವರಿಸಿದರು. ಪೆಪ್ಸಿನ್ ಎಂಬ ಕಿಣ್ವದಿಂದ ಪ್ರತಿಕಾಯದ ಬುಡವನ್ನು ಕತ್ತರಿಸಿ, ರೋಗಾಣುವನ್ನು ಹಿಡಿಯುವ ತೋಳುಗಳನ್ನಷ್ಟೇ ಉಳಿಸಿಕೊಂಡರೆ ಈ ಬಾಧೆ ಬಹುಮಟ್ಟಿಗೆ ತಗ್ಗುವುದು. ಕೋವಿಡ್ ರೋಗಿಗಳಿಗಾಗಿ ಅರ್ಜೆಂಟೀನಾ 2020ರ ಅಂತ್ಯದಲ್ಲಿ ಅನುಮತಿಯಿತ್ತದ್ದು ಇಂತಹ ಅಶ್ವಜನ್ಯ ಪ್ರತಿಕಾಯಕ್ಕೇ.

ಕುದುರೆಗಿಂತಲೂ ಸೂಕ್ಷ್ಮವಾದ ಕೊಡುಗೆ ಒಂಟೆಯ ಬಳಗದಿಂದ ಬಂದಿತು. ನಮ್ಮ ಪ್ರತಿಕಾಯದಲ್ಲಿ ಎರಡು ಭಾರದ ಹಾಗೂ ಎರಡು ಹಗುರವಾದ ಸರಪಳಿಗಳಿದ್ದರೆ, ಒಂಟೆಯ ಕೆಲವು ಪ್ರತಿಕಾಯಗಳಲ್ಲಿ ಭಾರದ ಸರಪಳಿಗಳು ಮಾತ್ರವೇ ಇರುವುವೆಂದು ಬ್ರಸೆಲ್ಸ್ ನಗರದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದರು. ಅವುಗಳ ತುದಿಯ ತುಣುಕು ಸಾಮಾನ್ಯ ಪ್ರತಿಕಾಯದ ಹತ್ತನೆಯ ಒಂದು ಭಾಗದಷ್ಟು ಕಿರಿದು; ಆದಕಾರಣ ವೈರಸ್ಸಿನ ಮೈಮೇಲಿನ ಸಂದುಗಳಿಗೂ ಅದು ನುಸುಳಬಲ್ಲುದು, ಮಂಜಿನ ರೂಪದಲ್ಲಿ ಉಸಿರಿನೊಡನೆ ಶ್ವಾಸಕೋಶವನ್ನೂ ತಲುಪಬಲ್ಲುದು. ಬೆಲ್ಜಿಯಮ್ಮಿನ ಹುಲ್ಲುಗಾವಲಿನಲ್ಲಿದ್ದ, ಒಂಟೆಯ ಬಳಗಕ್ಕೇ ಸೇರಿದ ವಿಂಟರ್ ಎಂಬ ಲಾಮಾಕ್ಕೆ 2016ರಲ್ಲಿ ಸಾರ್ಸ್ ಮತ್ತು ಮರ್ಸ್ ವೈರಸ್ಸುಗಳ ಮುಳ್ಳಿನಂಥ ಪ್ರೋಟೀನನ್ನು ಚುಚ್ಚಿ ಪಡೆದಿದ್ದ ಅಂತಹದೊಂದು ತುಣುಕನ್ನು ಜೋಡಿಯಾಗಿ ಹೆಣೆದಾಗ, ನಾಲ್ಕು ವರ್ಷಗಳಾದ ಮೇಲೆ ಅದು ಕೋವಿಡ್ ವೈರಸ್ಸಿನ ಮುಳ್ಳನ್ನೂ ಪ್ರಯೋಗಶಾಲೆಯಲ್ಲಿ ನಿಷ್ಫಲಗೊಳಿಸಿತು.

ಇಷ್ಟಾದರೂ ಕೈಗಡಕ್ಕೆ ಕಾಲದ ಕಟ್ಟು ತಪ್ಪಿದ್ದಲ್ಲ. ಇಲಿಯ ಪ್ರತಿಕಾಯವನ್ನು ಮಾನವರೂಪಕ್ಕೆ ತಿದ್ದಿ ಸಿದ್ಧಪಡಿಸಿದ ಪಾಲಿವಿಜುಮಾಬ್ ಎಂಬ ಔಷಧವನ್ನು ತಿಂಗಳಿಗೊಮ್ಮೆ ಮುಂಗಡವಾಗಿಯೇ ಚುಚ್ಚುವುದರಿಂದ, ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳನ್ನು ಅದು 1998ರಿಂದ ಆರ್‌ಎಸ್‌ವಿ ಎಂಬ ಶ್ವಾಸವೈರಸ್ಸಿನ ಉಗ್ರಬಾಧೆಯಿಂದ ಕಾಯುತ್ತ ಬಂದಿದೆ. ಅದೇ ವೈರಸ್ಸಿನಿಂದ ಆಗಲೇ ಆಸ್ಪತ್ರೆ ಸೇರಿದ್ದ ಕಂದಮ್ಮಗಳಿಗೆ ಲಾಮಾ ಮೂಲದ ತುಣುಕನ್ನು ಉಸಿರಾಡಿಸಿ ನೋಡಿದಾಗಲಾದರೋ, ವೈರಸ್ಸು ಕುಗ್ಗಿತೇ ಹೊರತು ರೋಗವು ಬೇಗನೆ ಶಮನವಾಗಲಿಲ್ಲ. ಉರಿಯೂತವು ಬಲಿತ ಮೇಲೆ ವೈರಸ್ಸನ್ನು ತೊಡೆದಮಾತ್ರಕ್ಕೆ ಉಸಿರು ಹಗುರಾಗದು. ಆದುದರಿಂದ ಪ್ರತಿಕಾಯವನ್ನು ನಯಗೊಳಿಸುವ ಸಾಹಸದಷ್ಟೇ, ರೋಗವನ್ನು ಮೊದಲ ದಿನಗಳಲ್ಲಿ ಗುರುತಿಸುವ ಎಚ್ಚರವೂ ವೈದ್ಯನಿಗೆ ಬೇಕು. ಮೂಕಜೀವಿ ಕೊಟ್ಟುದು ಹೊತ್ತಿಗೆ ಒದಗಿದರೆ ಮಾತ್ರ ಮನೆಯ ಮಗು ಉಳಿಯುವುದು.