ಐವತ್ತರ ನೋಟಿನ ಬೆನ್ನಲ್ಲಿ ಹಂಪಿ

ಐವತ್ತರ ನೋಟನ್ನು ನಾವು ಗುರುತಿಸುವುದು ಬಣ್ಣದಿಂದ. ನೀಲಿ ಕಂಡರೆ ಐವತ್ತು, ಎಣಿಸಿ ಕೊಟ್ಟರೆ ಮುಗಿಯಿತು. ಅದನ್ನು ಮಗುಚಿ, ಭೂತಗನ್ನಡಿ ಹಿಡಿದು ಕೂರುವವರು ನೋಟು ಸಂಗ್ರಹದ ಹುಚ್ಚು ಹತ್ತಿಸಿಕೊಂಡವರು ಮಾತ್ರ.

2017ರ ಆಗಸ್ಟ್‌ನಲ್ಲಿ ಬಂದ ಈ ನೋಟಿನ ಹಿಂಬದಿಯಲ್ಲಿ ಹಂಪಿಯ ವಿಠ್ಠಲ ದೇಗುಲದ ಕಲ್ಲಿನ ರಥವಿದೆ. ಹೆಸರಿಗೆ ರಥ, ಅಸಲಿಗೆ ಅದು ಗರುಡನ ಗುಡಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೊದಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ. ನೋಟಿನಲ್ಲಿ ಅದಿಲ್ಲ, ಈಗ ಹಂಪಿಯಲ್ಲೂ ಇಲ್ಲ. ಮುಂದಿರುವ ಆನೆಗಳೂ ಮೂಲದವಲ್ಲ. ಕುದುರೆಗಳಿದ್ದ ಜಾಗಕ್ಕೆ ಆಮೇಲೆ ತಂದಿಟ್ಟವು. ಅಂದರೆ ನಮ್ಮ ಜೇಬಿನಲ್ಲಿರುವುದು ವಿಜಯನಗರದ ಅರಸರು ಕಂಡ ರಥವಲ್ಲ, ಇವತ್ತು ಬಸ್ಸಿಳಿದು ಹೋದವರು ಕಾಣುವ ರಥ. ಕಳೆದುಹೋದುದನ್ನು ಕಲ್ಪಿಸಿ ಸೇರಿಸದೆ ಇದ್ದುದನ್ನೇ ಬರೆದದ್ದು ಸರಿ ಎಂದೇ ನನ್ನ ಮತ.

ಸ್ಮಾರಕವನ್ನು ನೋಟಿಗಿಳಿಸುವುದು ಸಲೀಸಲ್ಲ. ಈ ನೋಟಿನ ಅಳತೆ 135 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಅಷ್ಟರಲ್ಲೇ ಮೊತ್ತ, ಮುದ್ರಣದ ವರ್ಷ, ಹದಿನೈದು ಭಾಷೆಗಳ ಪಟ್ಟಿ (ಕನ್ನಡಕ್ಕೆ ನಾಲ್ಕನೇ ಸಾಲು), ಸ್ವಚ್ಛ ಭಾರತದ ಕನ್ನಡಕ ಎಲ್ಲಕ್ಕೂ ಜಾಗ ಬೇಕು. ಐನೂರರ ಕೆಂಪುಕೋಟೆಗೆ ತೊಂದರೆಯಿಲ್ಲ, ಅಡ್ಡಡ್ಡ ಹಬ್ಬಿದ ಗೋಡೆ ಉದ್ದನೆಯ ಕಾಗದಕ್ಕೆ ಒಗ್ಗುತ್ತದೆ. ಇನ್ನೂರರ ಸಾಂಚಿ ಸ್ತೂಪವೂ ಚೆನ್ನ. ಸೋತದ್ದು ನೂರರ ನೋಟು. ಗುಜರಾತಿನ ಪಾಟಣದ ರಾಣಿ ಕಿ ವಾವ್ ಮೆಟ್ಟಿಲಿಳಿದು ಹೋಗಬೇಕಾದ ಬಾವಿ. ಅದರ ಸೊಗಸೆಲ್ಲ ಆಳದಲ್ಲಿದೆ. ಆಳ ಕಾಗದದ ಮೇಲೆ ಬರಲಿಲ್ಲ. ಹತ್ತರ ಕೋನಾರ್ಕ, ಇಪ್ಪತ್ತರ ಎಲ್ಲೋರಗಳಿಗೆ ಮುದ್ರಣಕ್ಕಿಂತ ಬಳಕೆಯೇ ಶತ್ರು. ತಿಂಗಳೊಪ್ಪತ್ತಿನಲ್ಲಿ ಕೆತ್ತನೆಯೆಲ್ಲ ಕೊಳೆಯಲ್ಲಿ ಮುಚ್ಚಿಹೋಗುತ್ತದೆ.

ನೋಟಿಗೆ ದೇಗುಲ ಹೊಸದೇನಲ್ಲ. 1954ರ ಸಾವಿರದ ನೋಟಿನಲ್ಲಿ ತಂಜಾವೂರಿನ ಬೃಹದೀಶ್ವರ, ಐದು ಸಾವಿರದ್ದರಲ್ಲಿ ಗೇಟ್‌ವೇ ಆಫ್ ಇಂಡಿಯಾ ಇದ್ದವು. 1978ರ ಜನವರಿಯಲ್ಲಿ ಇವು ರದ್ದಾದವು. ಬ್ಯಾಂಕಿಗೆ ಬೇಡವಾದ ಮೇಲೆ ಹರಾಜಿನಲ್ಲಿ ಬೆಲೆ ಏರಿತು.

ಹಾಗೆಂದು ಸಂಗ್ರಹಕ್ಕೆ ಹಣವಂತರೇ ಆಗಬೇಕಿಲ್ಲ. ಹೊಸ ಸರಣಿಯ ರಥವನ್ನು ಅದರ ಮುಖಬೆಲೆಗೇ ಕೂಡಿಡಬಹುದು. ಒಂದೇ ಐವತ್ತರಲ್ಲಿ ಗವರ್ನರರ ಸಹಿ ಬದಲಾಗುತ್ತದೆ, ವರ್ಷ ಬದಲಾಗುತ್ತದೆ, ಸಂಖ್ಯೆಯ ಹಿಂದೆ ಮಸುಕಾಗಿ ಕೂತಿರುವ ಇಂಗ್ಲಿಷ್ ಅಕ್ಷರ ಬದಲಾಗುತ್ತದೆ. ಸಂಖ್ಯೆಯ ನಡುವೆ ನಕ್ಷತ್ರವಿದ್ದರೆ ಅದು ಸ್ಟಾರ್ ನೋಟು: ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿಗೆ ಸೇರಿಸಿದ್ದು. 786ರ ಮೋಹವಂತೂ ಎಲ್ಲರಿಗೂ ಗೊತ್ತು. ಎಲ್ಲಕ್ಕಿಂತ ಮೊದಲು ಬೇಕಾದದ್ದು ಗರಿಗರಿತನ. ನಡುವೆ ಒಂದು ಮಡಿಕೆ ಬಿದ್ದರೂ ದರ್ಜೆ ಇಳಿಯಿತು. ಅಗ್ಗದ ಪಿವಿಸಿ ಹಾಳೆಯ ಆಲ್ಬಮ್ ಬೇಡ, ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಬೆವರಿ ನೋಟಿಗೆ ಅಂಟುತ್ತದೆ.

2016ರ ನವೆಂಬರಿನಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಬಾರದು. 2017ರ ಕಾಯ್ದೆಯಂತೆ ಸಾಮಾನ್ಯರು ಇಟ್ಟುಕೊಳ್ಳಬಹುದಾದದ್ದು ಒಟ್ಟು ಹತ್ತು ನೋಟು. ಅಧ್ಯಯನ, ಸಂಶೋಧನೆ, ನಾಣ್ಯ-ನೋಟು ಸಂಗ್ರಹಕ್ಕಾದರೆ ಇಪ್ಪತ್ತೈದರವರೆಗೆ ಅವಕಾಶವಿದೆ.