ಆಹಾರದ ಜಮಾಖರ್ಚು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿವೆ. ಇದು ಕೃಷ್ಣೆ, ದೂಧಗಂಗಾ ನದಿಗಳು ಹರಿಯುವ ನಾಡು. ನಿಪ್ಪಾಣಿಯು ತಂಬಾಕಿನ ವ್ಯಾಪಾರಕ್ಕೆ ಹೆಸರಾಗಿದೆ. ಉಗಾರದ ಸಕ್ಕರೆ ಕಂಪನಿಯು 1939ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಇಂದು ಕಬ್ಬು ಇಲ್ಲಿನ ಮುಖ್ಯ ಬೆಳೆಗಳಲ್ಲಿ ಒಂದಾಗಿದೆ.

ಹಿಂದೆ ಈ ಸೀಮೆಯ ರೈತನು ಎತ್ತುಗಳ ಹಿಂದೆ ದಿನವಿಡೀ ನಡೆಯುತ್ತಿದ್ದನು. ಮನೆಯ ಹೆಣ್ಣುಮಕ್ಕಳು ಬೀಸುವ ಕಲ್ಲಿನಲ್ಲಿ ಜೋಳ ಬೀಸುತ್ತಿದ್ದರು. ಈಗ ಟ್ರ್ಯಾಕ್ಟರು, ಗಿರಣಿ, ಮೋಟಾರು ಸೈಕಲ್ಲುಗಳು ಬಂದಿವೆ. ದುಡಿಮೆ ಕಡಿಮೆಯಾಯಿತು, ಆದರೆ ತಾಟಿನ ಊಟ ಕಡಿಮೆಯಾಗಲಿಲ್ಲ. ಅದರ ಮೇಲೆ ಸಿಹಿ ಚಹಾ, ಕರಿದ ತಿಂಡಿಗಳೂ ಸೇರಿದವು. ಹೀಗೆ ಹೆಚ್ಚುವ ಮೈತೂಕವು ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿಗೆ ದಾರಿ ಮಾಡಿಕೊಡುತ್ತದೆ.

ಆಹಾರದಿಂದ ದೊರೆಯುವ ಶಕ್ತಿಯನ್ನು ಕಿಲೋಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲೊರಿ. ಒಂದು ಗ್ರಾಂ ಪಿಷ್ಟ ಅಥವಾ ಸಸಾರಜನಕದಿಂದ ಸುಮಾರು 4, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ದೊರೆಯುತ್ತವೆ. ಗಳಿಸಿದ ಶಕ್ತಿಯು ಖರ್ಚಿಗಿಂತ ಹೆಚ್ಚಾದರೆ ಉಳಿದದ್ದು ಕೊಬ್ಬಾಗಿ ಮೈಯಲ್ಲಿ ಜಮೆಯಾಗುತ್ತದೆ. ಖರ್ಚು ಹೆಚ್ಚಾದರೆ ಆ ಕೊಬ್ಬು ಕರಗುತ್ತದೆ.

ಗದ್ದೆಯಲ್ಲಿ ಕಬ್ಬು ಕಡಿಯುವವನಿಗೂ ಕಾರ್ಖಾನೆಯಲ್ಲಿ ಕುಳಿತು ಲೆಕ್ಕ ಬರೆಯುವವನಿಗೂ ಬೇಕಾಗುವ ಆಹಾರ ಒಂದೇ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ನೀಡಿದ ಅಂದಾಜಿನಂತೆ, 65 ಕಿಲೋಗ್ರಾಂ ತೂಕದ ಪುರುಷನು ಕಠಿಣ ಶ್ರಮ ಮಾಡುವವನಾದರೆ ದಿನಕ್ಕೆ ಸುಮಾರು 3470, ಕುಳಿತು ಕೆಲಸ ಮಾಡುವವನಾದರೆ ಸುಮಾರು 2110 ಕಿಲೋಕ್ಯಾಲೊರಿ ಸಾಕು.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಒಂದು ಕಪ್ಪು ಚಹಾಕ್ಕೆ 10 ಗ್ರಾಂ ಸಕ್ಕರೆ ಹಾಕಿದರೆ ಅದರಿಂದ 40 ಕಿಲೋಕ್ಯಾಲೊರಿ ಬರುತ್ತದೆ. ದಿನಕ್ಕೆ ನಾಲ್ಕು ಕಪ್ಪಾದರೆ 160, ತಿಂಗಳಿಗೆ 4800. ಸಕ್ಕರೆಯ ಬದಲು ಬೆಲ್ಲ ಬಳಸಿದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ತಿಂದುದನ್ನು ಕೆಲವು ದಿನ ಪುಸ್ತಕದಲ್ಲಿ ಬರೆದಿಟ್ಟರೆ ಇಂತಹ ಗುಪ್ತ ಖರ್ಚುಗಳು ತಾವಾಗಿಯೇ ಬಯಲಾಗುತ್ತವೆ.

ಊಟವನ್ನು ಬರಿದೇ ಕಡಿತಗೊಳಿಸಿದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಸಾಕಷ್ಟು ಸಸಾರಜನಕ ಮತ್ತು ವ್ಯಾಯಾಮಗಳು ಈ ನಷ್ಟವನ್ನು ತಗ್ಗಿಸುತ್ತವೆ. ಸಸಾರಜನಕವುಳ್ಳ ಊಟದಿಂದ ಹಸಿವೂ ಬೇಗ ಮರುಕಳಿಸುವುದಿಲ್ಲ. ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ, ಪ್ರತಿ ಕಿಲೋಗ್ರಾಂ ಮೈತೂಕಕ್ಕೆ 0.83 ಗ್ರಾಂ ಸಸಾರಜನಕ ಬೇಕು. ಅಂದರೆ 60 ಕಿಲೋಗ್ರಾಂ ತೂಕದವನಿಗೆ ಸುಮಾರು 50 ಗ್ರಾಂ. ತೂಕ ಇಳಿಸುವವರು ಇದಕ್ಕಿಂತ ತುಸು ಹೆಚ್ಚು ಸೇವಿಸುವುದುಂಟು. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಇದಕ್ಕಾಗಿ ಬೆಲೆಬಾಳುವ ಪುಡಿಗಳನ್ನು ಕೊಳ್ಳಬೇಕಾಗಿಲ್ಲ. 100 ಗ್ರಾಂ ಜೋಳದ ಹಿಟ್ಟಿನ ಎರಡು ರೊಟ್ಟಿಗಳಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದೆ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಮಡಕಿ, ಹೆಸರು, ಕಡಲೆಗಳಲ್ಲಿ ಅದು ಹೇರಳ. ಆದುದರಿಂದ ರೊಟ್ಟಿಯೊಡನೆ ಕಾಳಿನ ಪಲ್ಯ ಅಥವಾ ಜುಣಕ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಿರಿಯರ ಈ ರೂಢಿಯನ್ನು ವಿಜ್ಞಾನವೂ ಸಮರ್ಥಿಸುತ್ತದೆ. ಮೊಸರು, ಮೊಟ್ಟೆಗಳೂ ಉತ್ತಮ ಆಹಾರಗಳೇ. ಶೇಂಗಾದಲ್ಲಿ ಸಸಾರಜನಕದ ಜೊತೆಗೆ ಕೊಬ್ಬೂ ಅಧಿಕವಾಗಿರುವುದರಿಂದ ಶೇಂಗಾ ಚಟ್ನಿಯನ್ನು ಮಿತವಾಗಿ ಬಡಿಸಿಕೊಳ್ಳಬೇಕು.

ತೂಕವು ನಿಧಾನವಾಗಿ ಇಳಿಯಬೇಕು. ವಾರಕ್ಕೆ ಅರ್ಧ ಕಿಲೋಗ್ರಾಂ ಇಳಿಯುವುದು ಸುರಕ್ಷಿತ. ಉಪವಾಸದಿಂದ ಅವಸರವಾಗಿ ಇಳಿಸಿದ ತೂಕವು ಹಳೆಯ ರೂಢಿಯೊಡನೆ ಮರಳಿ ಬರುತ್ತದೆ. ಮೈಯ ಭಾರ ಇಳಿದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆಯಾಗುವುದರಿಂದ ಲೆಕ್ಕವನ್ನು ಆಗಾಗ ಪರಿಶೀಲಿಸಬೇಕು.

ವಿದ್ಯಾರ್ಥಿಗಳು ಒಂದು ಮಾತನ್ನು ಮರೆಯಬಾರದು. ಮೇಲಿನ ಲೆಕ್ಕಗಳು ವಯಸ್ಕರಿಗೆ ಸಂಬಂಧಿಸಿದವು. ನಿಮ್ಮದು ಬೆಳೆಯುವ ವಯಸ್ಸು. ವೈದ್ಯರ ಸಲಹೆಯಿಲ್ಲದೆ ಊಟ ಬಿಡುವುದು, ತೂಕ ಇಳಿಸಲು ಹೊರಡುವುದು ಅಪಾಯಕರ. ದಪ್ಪಗಿರುವ ಸಹಪಾಠಿಯನ್ನು ಹಂಗಿಸುವುದು ಸಲ್ಲದು. ಹಂಗಿನ ಮಾತಿನಿಂದ ಯಾರ ತೂಕವೂ ಇಳಿಯುವುದಿಲ್ಲ, ಮನಸ್ಸು ಮಾತ್ರ ನೋಯುತ್ತದೆ. ಆಟವಾಡಿ, ನಡೆಯಿರಿ, ಹಸಿವಿನ ಅಳತೆಯರಿತು ಉಣ್ಣಿರಿ. ಒಕ್ಕಲುತನದ ಜಮಾಖರ್ಚನ್ನು ಬಲ್ಲ ಮನೆತನಗಳಿಗೆ ದೇಹದ ಜಮಾಖರ್ಚನ್ನು ಕಲಿಯುವುದು ಕಷ್ಟವೇನಲ್ಲ.