ನಿಮಗಿದು ಗೊತ್ತೇ? ಹಳೆಯ ಡೀಸೆಲ್ ವೆಲ್ಡಿಂಗ್ ಮಷೀನ್ ಕೊಳ್ಳುವ ಮುನ್ನ

ಬೀದರ್ ಜಿಲ್ಲೆಯ ಔರಾದ, ಭಾಲ್ಕಿ ಕಡೆ ಕಬ್ಬಿನ ಟ್ರಾಲಿ ಮುರಿಯುವುದು ಹೊಲದ ನಡುವೆ. ಕರೆಂಟಿಲ್ಲದ ಆ ಜಾಗಕ್ಕೆ ಡೀಸೆಲ್ ವೆಲ್ಡಿಂಗ್ ಮಷೀನೇ ಹೋಗಬೇಕು. ಹೊಸದು ದುಬಾರಿ, ದುಡ್ಡು ಕೂಡಿಸಿ ಹಳೆಯದನ್ನು ಹುಡುಕುವ ನಮ್ಮ ಹುಡುಗರಿಗಾಗಿ ಈ ಸಂಗತಿಗಳು.

ಎಂಜಿನ್ನಿನ ನಿಜ ಗೊತ್ತಾಗುವುದು ಅದು ತಣ್ಣಗಿದ್ದಾಗ. ಮೊದಲು ಬ್ಲಾಕಿನ ಮೇಲೆ ಅಂಗೈ ಇಡಿ. ಬೆಚ್ಚಗಿದೆಯೇ? ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಮರುದಿನ ಬೆಳಿಗ್ಗೆ ಬನ್ನಿ.

ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಆರಂಭದಲ್ಲಿ ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ನಾಜಲ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು. ಕಪ್ಪು ಹೊಗೆಗೆ ಕೆಲವೊಮ್ಮೆ ಧೂಳು ಕಟ್ಟಿದ ಏರ್ ಫಿಲ್ಟರ್ ಒಂದೇ ಕಾರಣ. ಅದಕ್ಕೆ ಹೆದರಿ ಒಳ್ಳೆಯ ಮಷೀನ್ ಬಿಡಬೇಡಿ.

ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಹೊಗೆ ಭುಸುಭುಸು ಉಕ್ಕಿದರೆ ರಿಂಗ್, ಲೈನರ್ ಸವೆದಿವೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ.

ದಿನಕ್ಕೆ 4 ಗಂಟೆ, ವರ್ಷಕ್ಕೆ 250 ದಿನ ಓಡಿದರೆ 1000 ಗಂಟೆ. ಹತ್ತು ವರ್ಷದ ಮಷೀನಿನ ಗಂಟೆ ಮೀಟರ್ 900 ತೋರಿಸಿದರೆ ಕಾರಣ ಕೇಳಿ.

ಬೀದರ್ ನಗರ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ ಮಂಗಳೂರಿನಲ್ಲಿ ಕೊಡುವಷ್ಟು ಶಕ್ತಿಯನ್ನು ಇಲ್ಲಿ ಕೊಡದು. ಬೇಸಗೆಯಲ್ಲಿ ಇನ್ನೂ ಕಡಿಮೆ.

ರಾಡ್ ಸುಡದೆ ಬೆಲೆ ಮಾತಾಡಬೇಡಿ. 4 ಮಿ.ಮೀ. ರಾಡಿಗೆ ಸುಮಾರು 150 ಆಂಪ್ ಬೇಕು. ಸ್ವಂತ ರಾಡ್ ಒಯ್ದು, ದಪ್ಪ ಪ್ಲೇಟಿನ ಮೇಲೆ ಬಿಡದೆ ಐದಾರು ಸುಡಿ. ಕಿಡಿ ಹತ್ತಿದಾಗ ಎಂಜಿನ್ ಒಮ್ಮೆ ತಗ್ಗಿ ಕೂಡಲೇ ಚೇತರಿಸಿಕೊಂಡರೆ ಗವರ್ನರ್ ಚೆನ್ನಾಗಿದೆ. ತಗ್ಗುತ್ತಲೇ ಹೋದರೆ, ಮೂರನೇ ರಾಡಿಗೆ ಆರ್ಕ್ ಸೊರಗಿದರೆ, ವಾರ್ನಿಷ್ ಸುಟ್ಟ ವಾಸನೆ ಬಂದರೆ ಆ ಮಷೀನ್ ಬೇಡ. ಬ್ರಷ್ ಇರುವ ಜಾಗದಲ್ಲೂ ಇಣುಕಿ ನೋಡಿ: ಸಣ್ಣ ಕಿಡಿ ಸರಿ, ಕಿಡಿಗಳ ಮಳೆ ಸಲ್ಲದು.

ಮಷೀನಿನ ನೇಮ್‌ಪ್ಲೇಟಿನಲ್ಲಿ ಡ್ಯೂಟಿ ಸೈಕಲ್ 60% ಎಂದಿದ್ದರೆ, ಆ ಆಂಪಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ವೆಲ್ಡಿಂಗ್.

ಎಂಜಿನ್ ಓಡುತ್ತಿದ್ದರೂ ಕರೆಂಟೇ ಬಾರದಿದ್ದರೆ ವೈಂಡಿಂಗ್ ಸುಟ್ಟಿದೆ ಎಂದೇ ಅಲ್ಲ. ಬಹುಕಾಲ ನಿಂತ ಮಷೀನಿನಲ್ಲಿ ಉಳಿಕೆ ಕಾಂತಶಕ್ತಿ ಹೋಗಿರಬಹುದು. ಬಲ್ಲ ಎಲೆಕ್ಟ್ರಿಷಿಯನ್ ಬ್ಯಾಟರಿಯಿಂದ ಅದನ್ನು ಮರಳಿ ತರಬಲ್ಲರು. ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಂ ತಂತಿಯಲ್ಲಿ ಮತ್ತೆ ಸುತ್ತಿಸಿದ್ದೋ ಎಂಬುದನ್ನೂ ಅವರಿಂದಲೇ ನೋಡಿಸಿ.

ಪಂಪ್‌ಸೆಟ್ಟಿಗೂ ಬಳಸುವ ಎಂಜಿನ್ ಆದರೆ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ.

ಬಿಲ್ಲಿನಲ್ಲಿರುವ ಎಂಜಿನ್ ನಂಬರ್ ಬ್ಲಾಕಿನ ಮೇಲಿನ ನಂಬರಿಗೆ ತಾಳೆಯಾಗದಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಮುಂಗಡ ಕೊಡಬೇಡಿ.